ನಾಲ್ಕು ಬೆರಳು ಎತ್ತರ

ಹಳ್ಳದಾಚೆಯ ವಸ್ತಿ, ತಾಲೂಕು ಅಕ್ಕಲಕೋಟ
12 ಜುಲೈ 1974

ಸೋಲಾಪುರದ ಅಣ್ಣ ಸಾತಲಿಂಗಪ್ಪನಿಗೆ ತಂಗಿ ಗುರುಲಿಂಗಮ್ಮ ಕೈಮುಗಿದು ಹೇಳುವುದು. ಬಾಯಿ ನನ್ನದು, ಬರೆಯುವ ಕೈ ಯಾವಾಗಿನಂತೆ ನಮ್ಮ ಡ್ರೈವರ್ ಕಾಮಣ್ಣನದು.

ನಾವೆಲ್ಲ ಆರಾಮ ಇದ್ದೇವೆ. ನಿನ್ನ ಮಗಳು, ನನ್ನ ಸೊಸೆ ದ್ರೌಪದಿಗೆ ಐದು ತುಂಬಿತು. ಇಷ್ಟು ದಿನ ಏನು ತಿಂದರೂ ಹೊರಗೆ ಹಾಕುತ್ತಿದ್ದವಳು ಈಗ ಕೇಳಿ ಕೇಳಿ ತಿನ್ನುತ್ತಾಳೆ. ಏಳರಲ್ಲಿ ಕುಬಸ ಮಾಡಿ ಚೊಚ್ಚಲ ಬಾಣಂತನಕ್ಕೆ ನಿನ್ನ ಮನೆಗೆ ಕಳಿಸಬೇಕು. ನನ್ನ ಚಿಂತೆ ಅದಲ್ಲ, ಹಳ್ಳದ್ದು. ಹೋದ ವರ್ಷದ ನೀರಿಗೆ ಹಳ್ಳಕ್ಕೆ ಹಾಸಿದ್ದ ಕಲ್ಲಿನ ಫರಸಿ ಕಿತ್ತುಹೋಯಿತು, ಈಗ ಅಲ್ಲಿ ಬರೀ ಬಂಡೆ. ಜೀಪಿನ ಹೊಟ್ಟೆ ಅದಕ್ಕೆ ಬಡಿಯುತ್ತದೆ. ಹೋದ ವಾರ ಇಂಜಿನ್ನಿನ ಎಣ್ಣೆ ಡಬ್ಬಿ ತೂತಾಗಿ ಗಾಡಿ ನಡುನೀರಿನಲ್ಲಿ ನಿಂತಿತು. ಎತ್ತು ಕಟ್ಟಿ ಎಳೆಸಿದೆವು. ಮಗ ನಿಂಗಣ್ಣ "ಈ ಡಬ್ಬಾ ಮಾರಿಬಿಡೂಣು" ಅನ್ನುತ್ತಾನೆ. ಮಿಲಿಟರಿ ಲಿಲಾವಿನಲ್ಲಿ ಅವನಪ್ಪ ಸವಾಲು ಕೂಗಿ ತಂದ ಗಾಡಿ. ನಾನಿರುವ ತನಕ ಮಾರಗೊಡುವುದಿಲ್ಲ.

ಕಾಮಣ್ಣ ಒಂದು ಉಪಾಯ ಹೇಳುತ್ತಾನೆ. "ಕಮಾನಿಗೆ ಪಟ್ಟಿ ಸೇರಿಸಿ ಗಾಡಿ ಎತ್ತರಾ ಮಾಡಬಹುದ್ರಿ ಅವ್ವಾರ. ಆದ್ರ ಅದು ಸಿಕ್ಕಸಿಕ್ಕವರ ಕೈಯಾಗಿನ ಕೆಲಸಲ್ಲ, ಉಸ್ತಾದ್ರೇ ಮಾಡಬೇಕು." ಉಸ್ತಾದ ಅಂದರೆ ನೀನು. ಈ ಮಾತು ಬರೆಯುವಾಗ ನಗುತ್ತಾನೆ. ನಿನ್ನ ಬೈಗಳ ನೆನಪಾಗಿರಬೇಕು. ಆಗುತ್ತದೋ ಇಲ್ಲವೋ ಬರೆ.

ತಂಗಿ ಗುರುಲಿಂಗಮ್ಮ


ಸೋಲಾಪುರ
18 ಜುಲೈ 1974

ತಂಗಿ ಗುರುಲಿಂಗಮ್ಮನಿಗೆ,

ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ ಇದು, ಗೊತ್ತಾಗದಿದ್ದಲ್ಲಿ ಕಾಮಣ್ಣ ತಿದ್ದಿ ಓದಲಿ. ನಿನ್ನ ಮಗನೂ ಮರಾಠಿ ಸಾಲಿ ಕಲಿತ, ನನ್ನ ಮಗಳೂ ಮರಾಠಿ ಸಾಲಿ ಕಲಿತಳು. ನನ್ನ ಪತ್ರ ಬಂದರೆ ಇಬ್ಬರೂ ತಿರುವಿ ಮುರುವಿ ನೋಡಿ ಗೂಟಕ್ಕೆ ಸಿಗಿಸುತ್ತಾರೆ. ಇಡೀ ಮನೆಗೆ ಕನ್ನಡ ಓದುವವನು ಒಬ್ಬ ಡ್ರೈವರ್. ನಾಚಿಕೆ ಆಗಬೇಕು ನಮಗೆ.

ಆಗುತ್ತದೋ ಇಲ್ಲವೋ ಅಂತ ನನ್ನನ್ನು ಕೇಳುತ್ತೀಯಾ? ದೊಡ್ಡ ಯುದ್ಧದ ಕಾಲಕ್ಕೆ ಪುಣೆಯ ಮಿಲಿಟರಿ ಕಾರಖಾನೆಯಲ್ಲಿ ಈ ಜೀಪುಗಳನ್ನು ಬಿಚ್ಚಿ ಜೋಡಿಸಿದವನು ನಾನು. ನಿಂಗಣ್ಣನಿಗೆ ಹೇಳು: ಕಮಾನು ಅಂದರೆ ಗಾಲಿಯ ಮೇಲೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಅದಕ್ಕೆ ಎರಡು ಪಟ್ಟಿ ಹೆಚ್ಚು ಕೊಟ್ಟು, ಬಾಗು ಬಿಗಿ ಮಾಡಿದರೆ ಗಾಡಿ ನಾಲ್ಕು ಬೆರಳು ಏರುತ್ತದೆ. ನಾಲ್ಕೇ. ಅವನು ಗೇಣು ಬೇಕು ಅಂತ ಹಟ ಹಿಡಿದರೆ ಅವನ ಕಪಾಳಕ್ಕೆ ನನ್ನ ಹೆಸರಿನಲ್ಲಿ ಒಂದು ಕೊಡು. ಗೇಣು ಎತ್ತಿದ ಗಾಡಿ ತಿರುವಿನಲ್ಲಿ ಮಗ್ಗಲಾಗಿ ಮಲಗುತ್ತದೆ.

ಕಮಾನೊಂದೇ ಏರಿದರೆ ಮುಗಿಯಲಿಲ್ಲ. ಅದರ ಜೊತೆ ಶಾಫ್ಟು, ಗಾಲಿಗೆ ಬ್ರೇಕಿನ ಎಣ್ಣೆ ಒಯ್ಯುವ ರಬ್ಬರ್ ಪೈಪು, ಎಲ್ಲವೂ ಉದ್ದ ಬೇಡುತ್ತವೆ. ತಿಳಿಯದವರು ಅದನ್ನು ಮರೆತು ಸಾಯುತ್ತಾರೆ.

ಮಳೆ ಬಿಡುವು ಕೊಟ್ಟ ಕೂಡಲೇ ಕಾಮಣ್ಣ ಗಾಡಿ ತರಲಿ. ಕುಡಿದು ಕೆಲಸಕ್ಕೆ ಬಂದ ಅಂತ ಎಂಟು ವರ್ಷದ ಹಿಂದೆ ನಾನೇ ಗ್ಯಾರೇಜಿನಿಂದ ಹೊರಗೆ ಹಾಕಿ ನಿನ್ನ ಮನೆಗೆ ಅಟ್ಟಿದ ಮನುಷ್ಯ. ಕೈ ಚೊಕ್ಕ, ಬಾಯಿ ಕೆಟ್ಟದ್ದು. ಇದನ್ನೂ ಓದೋ ಕಾಮಣ್ಣಾ, ಇಲ್ಲಿ ಬಂದು ದನಿ ಸಣ್ಣ ಮಾಡಬೇಡ.

ಸಾತಲಿಂಗಪ್ಪ


ಸೋಲಾಪುರ
9 ಆಗಸ್ಟ್ 1974

ತಂಗಿಗೆ,

ಈ ಪತ್ರ ತಂದವನೇ ಗಾಡಿಯನ್ನೂ ತಂದಿದ್ದಾನೆ. ಹೊರಗೆ ಬಂದು ನೋಡು. ಈಗ ಅದು ಊರಗೌಡನಂತೆ ಎದೆ ಎತ್ತಿ ನಿಂತಿದೆ.

ಆರು ದಿನದ ಕೆಲಸ. ಗುಜರಿಗೆ ಬಿದ್ದ ಲಾರಿಯೊಂದರ ಪಟ್ಟಿ ಆರಿಸಿ ತಂದೆ. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿಸಿದೆ. ಕಮ್ಮಾರ ನೀರಿನಲ್ಲಿ ಅದ್ದಲು ಹೋದ. ನೀರಿಗೆ ಹಾಕಿದ ಪಟ್ಟಿ ಗಾಜಿನಂತೆ ಮುರಿಯುತ್ತದೆ ಅಂತ ಅವನಿಗೆ ನಾನು ಹೇಳಿಕೊಡಬೇಕಾಯಿತು. ಅವನ ಅಪ್ಪನ ಕಾಲದ ಮಂದಿ ಹೀಗಿರಲಿಲ್ಲ. ಮುಂದಿನ ಬ್ರೇಕ್ ಪೈಪು ಹೊಸದು, ಉದ್ದದ್ದು. ನವಿ ಪೇಠೆಯ ಅಂಗಡಿಯವನು ಒಂದು ದಿನ ಇಲ್ಲ ಅಂದ, ಒಂದು ದಿನ ನಾಳೆ ಅಂದ. ಅವನ ಕಟ್ಟೆಯ ಮೇಲೆ ಕೂತು ಕೈಗೆ ಬಂದ ಮೇಲೆಯೇ ಎದ್ದೆ.

ಒಂದು ಮಾತು. ಕೆಲಸ ಮುಗಿದ ಮೇಲೆ ಗಾಡಿಗೆ ನಿಂಬೆಹಣ್ಣು ಕಟ್ಟುತ್ತೇನಲ್ಲ, ಅದು ನನ್ನ ಗ್ಯಾರೇಜಿನ ಕಟ್ಟಳೆ. ಕಟ್ಟಿದ ಮೇಲೆ ಆ ಗಾಡಿಗೆ ಯಾರೂ ನಟ್ಟು ತಿರುವುವ ಪಾನಾ ಹಚ್ಚುವಂತಿಲ್ಲ. ಹಚ್ಚಿದರೆ ಉಸ್ತಾದನ ಕೈಯನ್ನು ಅನುಮಾನಿಸಿದಂತೆ. ಈ ಕಾಮಣ್ಣ ನಿಂಬೆಹಣ್ಣು ಕಟ್ಟಿದ ಮೇಲೆ ಪಾನಾ ಹಿಡಿದು ಗಾಡಿಯ ಹಿಂಭಾಗಕ್ಕೆ ನುಗ್ಗಿದ. "ಉಸ್ತಾದ, ಇಲ್ಲೊಂದಿಷ್ಟು ನೋಡ್ರಿ..." ಅಂತ ಶುರು ಮಾಡಿದ. ಕಾಲು ಹಿಡಿದು ಹೊರಗೆ ಎಳೆದೆ. "ನನಗ ನೋಡಾಕ ಕಲಸ್ತೀಯೇನಲೇ?" ಅಂದೆ. ನಾಲ್ಕು ಮಂದಿ ಗಿರಾಕಿಗಳೆದುರು ಅಂದೆ, ಮರೆಯಬಾರದು ಅಂತಲೇ ಅಂದೆ. ಪಾನಾ ಚೀಲಕ್ಕೆ ಹಾಕಿ ಸ್ಟೇರಿಂಗ್ ಹಿಡಿದ.

ದ್ರೌಪದಿಗೆ ಹತ್ತಲು ಒಂದು ಮಣೆ ಇಡಿಸು.

ಸಾತಲಿಂಗಪ್ಪ


ವಸ್ತಿ
30 ಆಗಸ್ಟ್ 1974

ಅಣ್ಣನಿಗೆ,

ಮಣೆ ಇಡಿಸಿದೆವು. ನಿನ್ನ ಮಗಳು ಅದರ ಮೇಲೆ ಕಾಲಿಟ್ಟು ಆನೆ ಏರಿದಂತೆ ಏರುತ್ತಾಳೆ. ಹಳ್ಳದಲ್ಲಿ ಮೊಣಕಾಲು ನೀರಿದ್ದರೂ ಗಾಡಿಯ ಹೊಟ್ಟೆಗೆ ಒಂದು ಕಲ್ಲು ತಾಗಲಿಲ್ಲ. ಮಾರುವ ಮಾತು ನಿಂಗಣ್ಣನ ಬಾಯಿಂದ ಹೋಗಿದೆ, ಮೊನ್ನೆ ಗೆಳೆಯರನ್ನು ಕೂರಿಸಿಕೊಂಡು ಸುಮ್ಮಸುಮ್ಮನೆ ಎರಡು ಸಲ ಹಳ್ಳ ದಾಟಿ ಬಂದ. ನಿನ್ನ ಕೈ ಚಿನ್ನದ್ದು.

ಕಾಮಣ್ಣ ಮಾತ್ರ ಗಾಡಿಯನ್ನು ಬಹಳ ಸಾವಕಾಶ ಹೊಡೆಯುತ್ತಾನೆ. ಹಳ್ಳ ದಾಟಿದ ಮೇಲೆ ನಿಲ್ಲಿಸಿ, ಇಳಿದು, ಹಿಂದಿನ ಗಾಲಿಯ ಹತ್ತಿರ ಬಗ್ಗಿ ನೋಡಿ ಬರುತ್ತಾನೆ. "ಏನೋ ಅದು?" ಅಂದರೆ "ಏನಿಲ್ರಿ ಅವ್ವಾರ" ಅನ್ನುತ್ತಾನೆ. ಹೊಸ ಎತ್ತರ, ಅಂಜುತ್ತಾನೆ ಅನಿಸುತ್ತದೆ. ಈಗ ಬರೆಯುತ್ತಾ ಕೂತಾಗಲೂ "ಉಸ್ತಾದ್ರಿಗೆ ನಂದೊಂದು ಮಾತು ಬರೀಲೇನ್ರಿ?" ಅಂದ. ಬರೆ ಅಂದೆ. ಲೆಕ್ಕಣಿಕೆಯನ್ನು ಶಾಯಿಗೆ ಅದ್ದಿ, ಒರೆಸಿ "ಬ್ಯಾಡ್ ಬಿಡ್ರಿ" ಅಂದ.

ಕುಬಸಕ್ಕೆ ಸೀರೆ ತರಲು ಅಕ್ಕಲಕೋಟಕ್ಕೆ ಹೋಗುತ್ತೇವೆ. ನಿನ್ನ ಮನೆಯವಳು, ನಮ್ಮ ವೈನಿ ಕಸ್ತೂರಬಾಯಿಗೆ ಹಸಿರು ಆಗುತ್ತದೋ ಕೇಳಿ ತಿಳಿಸು.

ಗುರುಲಿಂಗಮ್ಮ


ಸೋಲಾಪುರ
6 ಸೆಪ್ಟೆಂಬರ್ 1974

ಗುರುಲಿಂಗಮ್ಮನಿಗೆ,

ಹಸಿರು ಆಗುತ್ತದೆ.

ಕಾಮಣ್ಣನ ಮಾತು ಏನು ಅಂತ ನನಗೆ ಗೊತ್ತು. ಎಂಟು ವರ್ಷದ ಸಿಟ್ಟು. ಉಸ್ತಾದನ ಕೆಲಸದಲ್ಲಿ ಹುಳುಕು ಹುಡುಕುತ್ತಿದ್ದಾನೆ. ಅವನು ಗಾಲಿಯ ಹತ್ತಿರ ಬಗ್ಗುವುದು ಬಿಟ್ಟು ಸ್ಟೇರಿಂಗ್ ಹಿಡಿಯಲಿ. ಇನ್ನೊಮ್ಮೆ ನನ್ನ ಕೆಲಸಕ್ಕೆ ಪಾನಾ ಹಚ್ಚಿದ್ದು ಕೇಳಿದರೆ ಅಲ್ಲಿಗೇ ಬಂದು ಕೈ ಮುರಿಯುತ್ತೇನೆ. ಕಾಮಣ್ಣಾ, ದೊಡ್ಡದಾಗಿ ಓದು.

ಸಾತಲಿಂಗಪ್ಪ


ವಸ್ತಿ
21 ಸೆಪ್ಟೆಂಬರ್ 1974

ಅಣ್ಣನಿಗೆ,

ಮೊದಲೇ ಹೇಳುತ್ತೇನೆ, ದ್ರೌಪದಿ ಆರಾಮ ಇದ್ದಾಳೆ. ಹೊಟ್ಟೆಯ ಕೂಸು ಆರಾಮ ಇದೆ. ಸೂಲಗಿತ್ತಿ ಎರಡು ಸಲ ನೋಡಿದಳು.

ಬುಧವಾರ ಅಕ್ಕಲಕೋಟದಲ್ಲಿ ಸ್ವಾಮಿಗಳ ದರ್ಶನ ಮಾಡಿ, ಸೀರೆ ತೆಗೆದುಕೊಂಡು ನಾನು, ದ್ರೌಪದಿ, ನಿಂಗಣ್ಣ ಜೀಪಿನಲ್ಲಿ ತಿರುಗಿ ಬರುತ್ತಿದ್ದೆವು. ಹಳ್ಳದಲ್ಲಿ ಹಿಂದಿನ ಗಾಲಿ ಒಂದು ಕುಣಿಯೊಳಗೆ ಇಳಿದು ಎದ್ದಿತು. ದಂಡೆ ಹತ್ತಿ ಈಚೆ ಇಳಿಜಾರಿಗೆ ಬಂದಾಗ ಗಾಡಿ ಓಡಲು ಹತ್ತಿತು. ನಿಂಗಣ್ಣ "ಬ್ರೇಕ್ ಹಾಕೋ ಕಾಮಣ್ಣಾ, ಬ್ರೇಕ್ ಹಾಕೋ" ಅಂತ ಕೂಗಿದ. ಕಾಮಣ್ಣ ಏನೇನೋ ಎಳೆದ, ಒತ್ತಿದ. ಕೆಳಗೆ ಬಾವಿ ಇತ್ತು. ಗಾಡಿಯನ್ನು ಕಬ್ಬಿನ ಬದುವಿಗೆ ತಿರುಗಿಸಿಬಿಟ್ಟ. ನಾನು ಹಾರಿ ಬಿದ್ದೆ. ಬಲಗೈ ಮುಂಗೈ ಹತ್ತಿರ ಮುರಿದಿದೆ. ಬಿದಿರಿನ ದಬ್ಬೆ ಕಟ್ಟಿದ್ದಾರೆ.

ಕುಡಿದಿದ್ದ, ಅದಕ್ಕೇ ಬ್ರೇಕಿನ ಮೇಲೆ ಕಾಲು ಹೋಗಲಿಲ್ಲ ಅಂತ ನಿಂಗಣ್ಣ ಹೇಳುತ್ತಾನೆ. ನಾವು ಗುಡಿಯಲ್ಲಿದ್ದಾಗ ಅವನು ಒಬ್ಬನೇ ಹೊರಗಿದ್ದ. ಹೌದೋ ಅಲ್ಲವೋ ಅಂತ ಕೇಳಿದರೆ ಕಾಮಣ್ಣ ಬಾಯಿ ಬಿಡುತ್ತಿಲ್ಲ. "ಇದನ್ನೂ ಬರೀಬೇಕೇನ್ರಿ ಅವ್ವಾರ?" ಅಂದ. ಬರೀ ಅಂದೆ. ಬರೆದಿದ್ದಾನೆ.

ಗುರುಲಿಂಗಮ್ಮ


ಸೋಲಾಪುರ
25 ಸೆಪ್ಟೆಂಬರ್ 1974

ತಂಗಿಗೆ,

ಈ ಪತ್ರವನ್ನು ಕಾಮಣ್ಣನ ಕೈಗೆ ಕೊಡಬೇಡ. ಪಕ್ಕದ ಊರಿನ ಕನ್ನಡ ಸಾಲಿಯ ಮಾಸ್ತರನನ್ನು ಕರೆಸಿ ಓದಿಸು.

ನನ್ನ ಬಸುರಿ ಮಗಳನ್ನು ಹಿಂದೆ ಕೂರಿಸಿಕೊಂಡು ಕುಡಿದು ಗಾಡಿ ಹೊಡೆದವನು, ಅದೇ ಕೈಯಿಂದ ಅದೇ ಸುದ್ದಿಯನ್ನು ನನಗೆ ಬರೆದಿದ್ದಾನೆ. ಅಕ್ಷರ ಒಂದೂ ನಡುಗಿಲ್ಲ. ಇಂಥವನನ್ನು ನಿನ್ನ ಮನೆಗೆ ಕಳಿಸಿದವನು ನಾನು. ನನ್ನ ಕಾಲಲ್ಲಿರುವುದನ್ನು ಬಿಚ್ಚಿ ನಾನೇ ಬಡಿದುಕೊಳ್ಳಬೇಕು. ಕುಡುಕನಿಗೆ ಕೈ ಚೊಕ್ಕ ಇದ್ದರೆಷ್ಟು ಬಿಟ್ಟರೆಷ್ಟು! ನಾನು ಕೊಟ್ಟ ಗಾಡಿಯಲ್ಲಿ ಒಂದು ನಟ್ಟು ಸಡಿಲ ಇರಲಿಲ್ಲ. ಊರಿನ ನಾಲ್ಕು ಮಂದಿಯನ್ನು ಕೂರಿಸಿ ಕೇಳಲಿ. ಗುಡಿಯಲ್ಲಿ ಅಮೋಗಸಿದ್ಧನ ಭಂಡಾರ ಹಿಡಿದು, ಆಣೆ ಮಾಡಿ ಹೇಳಲಿ ಅವನು. ಹೇಳದಿದ್ದರೆ ಹೆಂಡತಿ, ಪಾತ್ರೆ ಪಗಡ ಸಮೇತ ವಸ್ತಿಯಿಂದ ಹೊರಗೆ ಹಾಕಿ. ಸೋಲಾಪುರದ ಯಾವ ಗ್ಯಾರೇಜಿನಲ್ಲೂ ಅವನಿಗೆ ಕೆಲಸ ಸಿಗದಂತೆ ನಾನು ನೋಡಿಕೊಳ್ಳುತ್ತೇನೆ.

ಜೀಪನ್ನು ಲಾರಿಯ ಮೇಲೆ ಹಾಕಿಸಿ ಇಲ್ಲಿಗೆ ಕಳಿಸು. ಮಗಳನ್ನೂ ಕಳಿಸು. ಕೈಗೆ ಬೆಲ್ಲ ಸುಣ್ಣ ಹಚ್ಚು, ನೀರು ತಾಗಿಸಬೇಡ.

ಸಾತಲಿಂಗಪ್ಪ


ವಸ್ತಿ
7 ಅಕ್ಟೋಬರ್ 1974

ಅಣ್ಣನಿಗೆ,

ಇದು ಮಾಸ್ತರರ ಅಕ್ಷರ. ನಿನ್ನ ಪತ್ರ ಬಂದ ದಿನ ಇವರು ತಮ್ಮ ಊರಿಗೆ ಹೋಗಿದ್ದರು. ಒಳಗೆ ಏನಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಎಂಟು ವರ್ಷದ ರೂಢಿ, ಕಾಮಣ್ಣನನ್ನೇ ಕರೆದು ಕೊಟ್ಟೆ. "ಈ ಪತ್ರವನ್ನು ಕಾಮಣ್ಣನ ಕೈಗೆ ಕೊಡಬೇಡ" ಅಂತ ಮೊದಲ ಸಾಲು ಓದಿದ. ನಿಂತ. ನನ್ನ ಮುಖ ನೋಡಿದ. "ಮುಂದ ಓದಲ್ರಿ?" ಅಂದ. ಓದು ಅಂದೆ. ಎಲ್ಲ ಓದಿದ. ಕುಡುಕ ಅನ್ನುವುದನ್ನೂ ಓದಿದ, ಹೆಂಡತಿ, ಪಾತ್ರೆ ಪಗಡ ಅನ್ನುವುದನ್ನೂ ಓದಿದ. ನೀನು ಹೇಳಿಕೊಟ್ಟಿದ್ದೀಯಲ್ಲ, ದನಿ ಸಣ್ಣ ಮಾಡಲಿಲ್ಲ. ಮುಗಿಸಿ, ಮಡಚಿ, ನನ್ನ ಎಡಗೈಯಲ್ಲಿ ಕೊಟ್ಟು ಹೋದ. ಅಣ್ಣಾ, ಅವತ್ತು ನನಗೆ ಉಣ್ಣಲು ಆಗಲಿಲ್ಲ.

ನೀನು ಹೇಳಿದಂತೆ ಅಮೋಗಸಿದ್ಧನ ಗುಡಿಗೆ ಕರೆದರು. ಹಿರಿಯರು ಅರಿಷಿಣದ ಭಂಡಾರ ಮುಂದಿಟ್ಟು, "ಅಂದು ಕುಡಿದಿದ್ದಿಲ್ಲ ಅಂತ ಇದನ್ನ ಹಿಡದ ಹೇಳು, ಮುಗೀತು" ಅಂದರು. ಕಾಮಣ್ಣ ಕೈ ಮುಂದೆ ಮಾಡಿದ. ಆಗ ನಿಂಗಣ್ಣ ಕೇಳಿದ, "ಕುಡೀದಿದ್ರ ಮತ್ತ ಬ್ರೇಕ್ ಯಾಕ ಹತ್ತಲಿಲ್ಲ? ಅದನ್ನೂ ಭಂಡಾರ ಹಿಡದೇ ಹೇಳು." ಕಾಮಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. ಅಷ್ಟು ಸಾಕಾಯಿತು ಮಂದಿಗೆ. ದೇವರಿಗೆ ಅಂಜಿದ, ಕುಡಿದದ್ದು ಖರೆ ಅಂತ ಮಾತಾಡುತ್ತಾರೆ.

ನನಗೆ ಅಷ್ಟು ಸರಳ ಅನಿಸುವುದಿಲ್ಲ. ನಿನಗೆ ಏನು ಅನಿಸುತ್ತದೆ?

ಜೀಪು ನಾಳೆ ಲಾರಿಯಲ್ಲಿ ಬರುತ್ತದೆ. ದ್ರೌಪದಿಯನ್ನು ನಿಂಗಣ್ಣ ಚಕ್ಕಡಿಯಲ್ಲಿ ಹಳ್ಳ ದಾಟಿಸಿ, ಎಸ್.ಟಿ. ಬಸ್ಸಿನಲ್ಲಿ ಕರೆತರುತ್ತಾನೆ.

ಗುರುಲಿಂಗಮ್ಮ


ಸೋಲಾಪುರ
15 ಅಕ್ಟೋಬರ್ 1974

ತಂಗಿ ಗುರುಲಿಂಗಮ್ಮನಿಗೆ,

ದ್ರೌಪದಿ ಬಂದು ಮುಟ್ಟಿದಳು. ಅವಳ ತಾಯಿ ಬಿಟ್ಟಗಲುವುದಿಲ್ಲ. ಜೀಪೂ ಬಂತು. ಮುಂದಿನ ಬಂಪರ್ ಸೊಟ್ಟಾಗಿತ್ತು, ನೆಟ್ಟಗೆ ಮಾಡಿದ್ದೇನೆ. ಬ್ರೇಕೂ ನೋಡಿದ್ದೇನೆ, ಈಗ ಸರಿ ಇದೆ.

ನಿನ್ನ ಕೈ ಹೇಗಿದೆ? ದಬ್ಬೆಯನ್ನು ಅವಸರ ಮಾಡಿ ಬಿಚ್ಚಬೇಡ.

ಕಾಮಣ್ಣನ ಮಾತನ್ನು ಇನ್ನು ಬೆಳೆಸುವುದು ಬೇಡ. ಆದದ್ದು ಆಯಿತು, ಯಾರೂ ಸಾಯಲಿಲ್ಲ. ಗಾಡಿ ಅಂದ ಮೇಲೆ ಏನಾದರೂ ಆಗುತ್ತಿರುತ್ತದೆ. ಅವನು ಇರಲಿ ಬಿಡು ಅಂತ ನಿಂಗಣ್ಣನಿಗೆ ಹೇಳು.

ಇಲ್ಲಿ ಚಳಿ ಶುರುವಾಗಿದೆ.

ನಿನ್ನ ಅಣ್ಣ


ವಸ್ತಿ
21 ಅಕ್ಟೋಬರ್ 1974

ಅಣ್ಣನಿಗೆ,

ಮಾಸ್ತರರು ನಿನ್ನ ಪತ್ರ ಓದಿ ಮುಗಿಸಿದ ಮೇಲೆ ಇನ್ನೊಮ್ಮೆ ಓದಿಸಿದೆ. ನಿನಗೆ ಜ್ವರ ಬಂದಿದೆಯೇ? ಒಂದು ಬೈಗಳೂ ಇಲ್ಲ. ಚಳಿ ಶುರುವಾಗಿದೆ ಅಂತ ಬರೆದಿದ್ದೀ. ಹುಟ್ಟಿದಾಗಿನಿಂದ ನೀನು ಚಳಿಯ ಮಾತಾಡಿದ್ದು ನಾನು ಕೇಳಿಲ್ಲ. ನಿನ್ನ ಅಣ್ಣ ಅಂತ ಸಹಿ ಬೇರೆ. ಏನನ್ನಾದರೂ ಮುಚ್ಚಿಟ್ಟಿದ್ದರೆ ಹೇಳು. ವೈನಿಗೆ ಆರಾಮ ಇಲ್ಲವೇ? ದ್ರೌಪದಿಗೆ ಏನಾದರೂ ತೊಂದರೆಯೇ? ಡಾಕ್ಟರ್ ಏನಾದರೂ ಅಂದನೇ? ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡು ಕೂತಿದ್ದೇನೆ.

ಕಾಮಣ್ಣ ಇರಲಿ ಬಿಡು ಅನ್ನುತ್ತೀ. ಈಗ ಅದು ನನ್ನ ಕೈಯಲ್ಲಿಲ್ಲ. ನಿನ್ನ ಹಿಂದಿನ ಪತ್ರದ ಮಾತು ಊರೆಲ್ಲ ಹರಡಿದೆ. ಸೋಲಾಪುರದ ಸಾವಕಾರರೇ ಹೊರಗೆ ಹಾಕಿರಿ ಅಂದಿದ್ದಾರೆ ಅನ್ನುತ್ತಾರೆ. ಸೋಮವಾರ, ಇಪ್ಪತ್ತೆಂಟಕ್ಕೆ, ಕೊನೆಯ ಸಲ ಗುಡಿಗೆ ಕರೆದಿದ್ದಾರೆ. ಅವತ್ತೂ ಭಂಡಾರ ಹಿಡಿಯದಿದ್ದರೆ ವಸ್ತಿ ಬಿಡಬೇಕು. ಅವನ ಹೆಂಡತಿಯನ್ನು ಬಾವಿಯ ಹತ್ತಿರ ಯಾರೂ ಮಾತಾಡಿಸುವುದಿಲ್ಲ. ಕೊಡ ತುಂಬಿಕೊಂಡು ತಲೆ ಬಗ್ಗಿಸಿ ಹೋಗುತ್ತಾಳೆ.

ಬೇಗ ಬರೆ.

ಗುರುಲಿಂಗಮ್ಮ


ಸೋಲಾಪುರ
24 ಅಕ್ಟೋಬರ್ 1974

ಗುರುಲಿಂಗಮ್ಮನಿಗೆ,

ಇಲ್ಲಿ ಎಲ್ಲರೂ ಆರಾಮ ಇದ್ದಾರೆ. ಈ ಪತ್ರವನ್ನು ಸೋಮವಾರ ಗುಡಿಯಲ್ಲಿ ಎಲ್ಲರೂ ಕೂತ ಮೇಲೆ ಕಾಮಣ್ಣನ ಕೈಗೇ ಕೊಡು. ಅವನೇ ಓದಲಿ. ಅವನನ್ನು ಬೈದದ್ದನ್ನು ಅವನೇ ಓದಿದ. ಇದನ್ನು ಓದುವ ಹಕ್ಕೂ ಅವನದೇ.

ಊರಿನ ಹಿರಿಯರಿಗೆ ಸಾತಲಿಂಗಪ್ಪ ಹೇಳುವುದು. ಕಾಮಣ್ಣ ಕುಡಿದಿರಲಿಲ್ಲ. ಬ್ರೇಕು ಹತ್ತದಿದ್ದದ್ದು ನನ್ನ ತಪ್ಪಿನಿಂದ.

ಗಾಡಿ ಎತ್ತರಿಸಿದಾಗ ಮುಂದಿನ ಬ್ರೇಕ್ ಪೈಪು ಬದಲಿಸಿದೆ. ಹಿಂದಿನದನ್ನು ಹಳೆಯದೇ ಬಿಟ್ಟೆ. ಆ ಅಂಗಡಿಯವನು ಒಂದೇ ಕೊಟ್ಟಿದ್ದ. ಇನ್ನೊಂದು ಬಂದ ಮೇಲೆ ಹಾಕೋಣ ಅಂದುಕೊಂಡು ಮರೆತೆ. ಮರೆತು ನಿಂಬೆಹಣ್ಣು ಕಟ್ಟಿದೆ. ಗಾಡಿ ನೆಲದ ಮೇಲೆ ನಿಂತಾಗ ಆ ಪೈಪು ಸಾಲುತ್ತದೆ. ಗಾಲಿ ಕುಣಿಗೆ ಇಳಿದು ಜೋತುಬಿದ್ದರೆ ಸಾಲುವುದಿಲ್ಲ. ಇಲ್ಲಿ ಬಂದ ಮೇಲೆ ಗಾಡಿಯ ಮೈಯನ್ನು ಜಾಕಿನಿಂದ ಎತ್ತಿ ಗಾಲಿ ಜೋತುಬಿಟ್ಟು ನೋಡಿದೆ. ಪೈಪು ಎಳೆದು ಹರಿದಿತ್ತು. ಅದು ಹರಿದರೆ ಎಣ್ಣೆಯೆಲ್ಲ ಹೋಗಿ ನಾಲ್ಕೂ ಗಾಲಿಗೆ ಬ್ರೇಕು ಇರುವುದಿಲ್ಲ. ಕಾಮಣ್ಣ ಕೈಬ್ರೇಕು ಎಳೆದಿದ್ದಾನೆ, ಅದರ ಪಟ್ಟಾ ಸುಟ್ಟು ಕರಿಕಾಗಿತ್ತು. ಗೇರು ಸಣ್ಣದಕ್ಕೆ ತಂದಿದ್ದ. ಕುಡಿದವನಿಗೆ ಇಷ್ಟು ಹೊಳೆಯುವುದಿಲ್ಲ. ನಾನಿದ್ದರೂ ಇಷ್ಟೇ ಮಾಡುತ್ತಿದ್ದೆ, ಬಾವಿ ತಪ್ಪಿಸುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ.

ಅವನು ಗ್ಯಾರೇಜಿನಲ್ಲೇ ಇದನ್ನು ನೋಡಿದ್ದ. ಹೇಳಲು ಬಂದ. ಕಾಲು ಹಿಡಿದು ಎಳೆದು ಬೈದೆ. ಪತ್ರದಲ್ಲಿ ಬರೆಯಲು ಹೋದ, ಕೈ ಮುರಿಯುತ್ತೇನೆ ಅಂದೆ.

ಇದೆಲ್ಲ ನನಗೆ ಗೊತ್ತಾಗಿ ಹದಿನೈದು ದಿನ ಆಯಿತು. ಗ್ಯಾರೇಜಿನ ಕದ ಹಾಕಿಕೊಂಡು ಪೈಪು ನಾನೇ ಬದಲಿಸಿದೆ, ಯಾರಿಗೂ ತೋರಿಸಲಿಲ್ಲ. ದ್ರೌಪದಿ "ಅಪ್ಪಾ, ಕಾಮಣ್ಣ ಕುಡಿದಿದ್ದಿಲ್ಲ, ನಾ ಅವನ ಹಿಂದ ಕುಂತಿದ್ದೆ, ವಾಸನಿ ಬರ್ತಿದ್ದಿಲ್ಲೇನು?" ಅಂದಳು. ನಿನಗೆ ಇದರೊಳಗೆ ಕೆಲಸ ಇಲ್ಲ ಅಂತ ಅವಳ ಬಾಯಿ ಮುಚ್ಚಿಸಿದೆ. ನಲವತ್ತು ವರ್ಷ ಈ ಕೈಗೆ ಯಾರೂ ಬೆರಳು ತೋರಿಸಿಲ್ಲ. ಅದಕ್ಕಾಗಿ ಮುಚ್ಚಿಟ್ಟೆ.

ನಾನೇ ಬರಬೇಕಿತ್ತು. ದ್ರೌಪದಿಗೆ ದಿನ ಹತ್ತಿರ ಬಂದಿವೆ, ಬಿಟ್ಟು ಬರಲಾಗುವುದಿಲ್ಲ.

ಸಾತಲಿಂಗಪ್ಪ


ಇಂಡಿ
2 ನವೆಂಬರ್ 1974

ಉಸ್ತಾದರಿಗೆ ಕಾಮಣ್ಣನ ನಮಸ್ಕಾರ.

ಎಂಟು ವರ್ಷದಿಂದ ನಿಮಗೆ ಬಹಳ ಪತ್ರ ಬರೆದಿದ್ದೇನೆ. ನನ್ನ ಮಾತಿನದು ಇದು ಮೊದಲನೆಯದು.

ಇದರ ಜೊತೆಗೆ ನಿಮ್ಮ ಇಪ್ಪತ್ನಾಲ್ಕನೆಯ ತಾರೀಖಿನ ಪತ್ರವನ್ನು ತಿರುಗಿ ಕಳಿಸಿದ್ದೇನೆ. ಅದನ್ನು ಗುಡಿಯಲ್ಲಿ ನಾನು ಓದಿ ಹೇಳಲಿಲ್ಲ.

ಕಾಗದ ಸೋಮವಾರ ಮುಂಜಾನೆಯೇ ಬಂತು. ಮಾಸ್ತರರು ತಾಲೂಕಿನ ಸಭೆಗೆ ಹೋಗಿದ್ದರು. ಅವ್ವಾರು ಒಡೆಯದೆ ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಗುಡಿಗೆ ಬಂದರು, ಎಲ್ಲರ ಎದುರು ನನ್ನ ಕೈಗೆ ಕೊಟ್ಟರು. ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ಓದುತ್ತಾ ಹೋದಂತೆ ಕಣ್ಣಿಗೆ ನೀರು ಬಂತು, ಸುಳ್ಳು ಹೇಳುವುದಿಲ್ಲ. ನಿಂಗಣ್ಣ ಸಾವಕಾರರು "ಏನ ಬರದಾನೋ ನಮ್ಮ ಮಾಮಾ? ಓದು" ಅಂದರು. ತಲೆ ಎತ್ತಿ ನೋಡಿದೆ. ಹನ್ನೊಂದು ಜನ ಕೂತಿದ್ದರು. ಅವರಲ್ಲಿ ಕನ್ನಡ ಓದಬಲ್ಲವರು ಒಬ್ಬರೂ ಇರಲಿಲ್ಲ.

ಉಸ್ತಾದ, ನೀವೇ ಹೇಳಿ. ಕಳುವು ಮಾಡಿದ ಅಂತ ಹಿಡಿದು ತಂದವನು ಒಂದು ಕಾಗದ ತೆಗೆದು, ಇದರಲ್ಲಿ ನಾನು ಕದ್ದಿಲ್ಲ ಅಂತ ಬರೆದಿದೆ ಅಂತ ಓದಿದರೆ ನೀವು ನಂಬುತ್ತೀರೇನು? ಅದೂ ಎದುರಿಗೆ ಭಂಡಾರ ಇಟ್ಟುಕೊಂಡು. ಸಾವಕಾರರ ಮೇಲೆ ಸುಳ್ಳು ಹೊರಿಸಿದ ಅಂತ ಅಲ್ಲಿಯೇ ಬಡಿಯುತ್ತಿದ್ದರು. ಮಾಸ್ತರರು ಬರಲಿ ಅನ್ನಬಹುದಿತ್ತು. ಅನ್ನಲು ಬಾಯಿ ತೆರೆದೆ. ಆಗ ಅವ್ವಾರ ಕೈಯ ದಬ್ಬೆ ಕಂಡಿತು.

ನಿಮ್ಮ ಪತ್ರದಲ್ಲಿ ನನ್ನದು ಏನೂ ತಪ್ಪಿಲ್ಲ ಅಂತ ಇದೆ. ಅದು ಖರೆ ಅಲ್ಲ. ಪೈಪು ಗಿಡ್ಡ ಇದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ದ್ರೌಪದಿ ಅಕ್ಕನವರನ್ನು ಏಳು ತಿಂಗಳ ಹೊಟ್ಟೆಯಲ್ಲಿ ಮಣೆ ಇಟ್ಟು ಹತ್ತಿಸಿಕೊಂಡೆ. ನಿಮ್ಮ ಬಾಯಿಗೆ ಅಂಜಿದೆ, ಅದಕ್ಕಿಂತ ಹೆಚ್ಚು ನಾಲ್ಕು ಗಿರಾಕಿಗಳು ನಕ್ಕಿದ್ದಕ್ಕೆ ಅಂಜಿದೆ. ಬ್ರೇಕು ಯಾಕೆ ಹತ್ತಲಿಲ್ಲ ಅಂತ ಭಂಡಾರ ಹಿಡಿದು ಹೇಳಬೇಕಾದರೆ ಇದನ್ನೂ ಹೇಳಬೇಕಿತ್ತು. ನನ್ನ ಕೈ ಹಿಂದೆ ಬಂದದ್ದು ಅದಕ್ಕೆ.

"ಉಸ್ತಾದ್ರು ಎಲ್ಲಾರೂ ಆರಾಮ ಅಂತ ಬರದಾರ್ರಿ" ಅಂತ ಒಂದೇ ಸಾಲು ಓದಿ ಮಡಚಿದೆ. ನಿಮ್ಮ ಪತ್ರದಲ್ಲಿ ಸಾಲು ಬಿಟ್ಟು ಓದಿದ್ದು ಅದೊಂದೇ ಸಲ. ಸಂಜೆಯ ಮೋಟಾರಿಗೆ ಬಂದೆವು. ಇಲ್ಲಿ ನನ್ನ ಹೆಂಡತಿಯ ಅಣ್ಣನ ಮನೆ ಇದೆ. ಎಣ್ಣೆ ಗಿರಣಿಯ ಇಂಜಿನ್ ನೋಡುವ ಕೆಲಸ ಸಿಕ್ಕಿದೆ.

ಸಿಟ್ಟಾಗಬೇಡಿ. ಒಂದು ಮಾತು ಹೇಳುತ್ತೇನೆ. ಸೋಲಾಪುರದಿಂದ ಅಕ್ಕಲಕೋಟಕ್ಕೆ ದಿನಕ್ಕೆ ಬೇಕಾದಷ್ಟು ಎಸ್.ಟಿ. ಇವೆ. ನೀವು ಬರಬೇಕಿತ್ತು.

ಕಾಮಣ್ಣ


ಸೋಲಾಪುರ
14 ನವೆಂಬರ್ 1974

ಕಾಮಣ್ಣನಿಗೆ,

ನಿನ್ನ ಪತ್ರ ಆರನೆಯ ತಾರೀಖಿಗೆ ಬಂತು. ಓದಿ ಸಿಟ್ಟು ಬಂತು. ನನಗೆ ಬೇರೆ ಏನು ಬರುತ್ತದೆ? ಎಂಟಕ್ಕೆ ದ್ರೌಪದಿ ಹಡೆದಳು. ಹೆಣ್ಣು. ಎರಡೂ ಜೀವ ಆರಾಮ ಇವೆ. ನೀನು ಗಾಡಿಯನ್ನು ಬದುವಿಗೆ ಹಾಕಿದ್ದಕ್ಕೆ ಆ ಕೂಸು ಹುಟ್ಟಿದೆ. ಇನ್ನು ನೆಪ ಉಳಿಯಲಿಲ್ಲ. ಹನ್ನೊಂದಕ್ಕೆ, ಸೋಮವಾರ, ಮೊದಲನೆಯ ಎಸ್.ಟಿ. ಹತ್ತಿದೆ.

ಧೋತರ ಎತ್ತಿ ಕಟ್ಟಿ ಹಳ್ಳ ದಾಟಿದೆ. ನಾನು ಗಾಡಿಗೆ ಎತ್ತರ ಕೊಟ್ಟವನು, ಆ ಹಳ್ಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಆ ಕುಣಿಯೊಳಗೆ ನನ್ನ ಕಾಲು ತೊಡೆಯ ತನಕ ಇಳಿಯಿತು. ಗುಡಿಯ ಹತ್ತಿರ ನಿಂತು ಹಿರಿಯರನ್ನು ಕರೆಸಿದೆ. ಹನ್ನೊಂದು ಮಂದಿಯೂ ಬಂದರು. ಭಂಡಾರ ತೆಗೆದುಕೊಂಡು ಹಣೆಗೆ ಹಚ್ಚಿಕೊಂಡೆ, ಉಳಿದದ್ದನ್ನು ಮುಷ್ಟಿಯಲ್ಲಿ ಹಿಡಿದು ಹೇಳಿದೆ. ಪೈಪಿನದು, ಗ್ಯಾರೇಜಿನದು, ಹದಿನೈದು ದಿನ ಮುಚ್ಚಿಟ್ಟದ್ದು, ಮಗಳ ಬಾಯಿ ಮುಚ್ಚಿಸಿದ್ದು. ಕಾಗದ ಒಯ್ದಿರಲಿಲ್ಲ, ಬಾಯಿಂದಲೇ ಹೇಳಿದೆ. ನೀನು ಪೈಪಿನ ಬಗ್ಗೆ ಗೊತ್ತಿದ್ದೂ ಸುಮ್ಮನಿದ್ದೆ ಅನ್ನುವುದನ್ನು ಹೇಳಲಿಲ್ಲ. ಅದು ನೀನು ಹೇಳಬೇಕಾದದ್ದು, ನಿನಗೆ ಬೇಕಾದಾಗ ಹೇಳು.

ತಂಗಿ ಒಂದೇ ಕೇಳಿದಳು. "ನಾ ಹೊಟ್ಟಿಯೊಳಗ ಬೆಂಕಿ ಇಟ್ಕೊಂಡು ಪತ್ರ ಬರಸಿದಾಗ ನಿನಗ ಗೊತ್ತಿತ್ತೇನು?" ಗೊತ್ತಿತ್ತು ಅಂದೆ. ಎದ್ದು ಮನೆಗೆ ಹೋದಳು. ನಾನು ತಿರುಗಿ ಬರುವ ತನಕ ಹೊರಗೆ ಬರಲಿಲ್ಲ.

ನಿಂಗಣ್ಣ ನೆಲ ನೋಡುತ್ತಾ ಕೂತಿದ್ದ. ಉಳಿದವರು ಏನು ಮಾಡುತ್ತಾರೋ ಅಂತ ನಾನು ನಿಂತೇ ಇದ್ದೆ. ಬೈಯಲಿ ಅಂದುಕೊಂಡೆ. ಬೈದರೆ ಏನು ಅನ್ನಬೇಕು ಅಂತ ಹಳ್ಳ ದಾಟುವಾಗಲೇ ಯೋಚಿಸಿಕೊಂಡಿದ್ದೆ. ಎಲ್ಲರಿಗಿಂತ ಹಿರಿಯ, ನಿನಗೆ ಭಂಡಾರ ಚಾಚಿದವನು, ಕೆಮ್ಮಿ ಹೇಳಿದ: "ಹೋಗ್ಲಿ ಬಿಡ್ರಿ ಸಾವಕಾರ್ರ. ಕಬ್ಬಣದ ಕೆಲಸ. ಒಮ್ಮೊಮ್ಮೆ ಹಿಂಗ ಆಗ್ತಾವ. ನೀವರ ಬೇಕಂತ ಮಾಡೀರೇನು?" ಮತ್ತೊಬ್ಬ "ಇಷ್ಟ ದೂರ ಬಂದ ಹೇಳಿದ್ರೆಲ್ಲ, ಅದು ನಿಮ್ಮ ದೊಡ್ಡಸ್ತಿಕಿ" ಅಂದ.

ನಿನ್ನನ್ನು ತಿರುಗಿ ಕರೆಸಿರಿ ಅಂದೆ. ನೋಡೋಣು ಅಂದರು. ಆಮೇಲೆ ಆ ಮಾತು ಯಾರೂ ಎತ್ತಲಿಲ್ಲ. ಜ್ವಾಳದ ಮಾತು ಬಂತು, ಕಬ್ಬಿನ ಮಾತು ಬಂತು.

ಗ್ಯಾರೇಜಿಗೆ ಬಾ ಅಂತ ನಿನ್ನನ್ನು ಕರೆಯಲು ನನಗೆ ಬಾಯಿ ಇಲ್ಲ. ಆದದ್ದನ್ನು ಆದಂತೆ ನಿನಗೆ ತಿಳಿಸಬೇಕು ಅಂತ ಬರೆದೆ.

ಹೊರಡಲು ಎದ್ದರೆ ಕೈ ಹಿಡಿದು ಕೂರಿಸಿದರು. ಕಟ್ಟೆಯ ಮೇಲೆ ಕಂಬಳಿ ಹಾಸಿದರು. ಯಾರದೋ ಮನೆಯಿಂದ ಕಪ್ಪು-ಬಸಿಯಲ್ಲಿ ಚಹಾ ಬಂತು, ಹೆಚ್ಚು ಸಕ್ಕರೆ ಹಾಕಿದ್ದು. ನಾನು ಬೇಡ ಅನ್ನಲಿಲ್ಲ.

ಸಾತಲಿಂಗಪ್ಪ